ತಿಟ್ಟಿನ ಮನೆಯ ಖಾತೆ

ಅಪ್ಪ ಸಿಟ್ಟು ಬಂದರೆ ಮಾತು ನಿಲ್ಲಿಸುತ್ತಿದ್ದರು. ನನಗೆ ಸಿಟ್ಟು ಬಂದರೆ ಮಾತು ನಿಲ್ಲುತ್ತಲೇ ಇರಲಿಲ್ಲ. ಚಾಮರಾಜನಗರದ ನಮ್ಮ ಬಾಡಿಗೆ ಮನೆಯಲ್ಲಿ ಅವ್ವ ಇವೆರಡರ ನಡುವೆ ಸೌಟು ಹಿಡಿದುಕೊಂಡು ನಿಂತಿರುತ್ತಿದ್ದಳು. ಪ್ರೈಮರಿ ಶಾಲೆಯ ಹೆಡ್‌ಮಾಸ್ಟರಾಗಿ ರಿಟೈರಾದ ಮೇಲೆ ಅಪ್ಪ ಹಚ್ಚಿಕೊಂಡ ಕೆಲಸವೆಂದರೆ ನಮ್ಮ ವಂಶಾವಳಿ ಬರೆಯುವುದು. ಹರವೆ ಕಡೆಯ ನಮ್ಮೂರಿನಲ್ಲಿ ನಮ್ಮನ್ನು ತಿಟ್ಟಿನ ಮನೆಯವರು ಎನ್ನುತ್ತಾರೆ. ಹಳೆಯ ಮನೆ ಊರಿಗಿಂತ ನಾಲ್ಕು ಮೆಟ್ಟಿಲು ಎತ್ತರದ ದಿಬ್ಬದ ಮೇಲಿದೆ, ಅದಕ್ಕೇ ಆ ಹೆಸರು. ಆ ಮನೆಯ ಏಳು ತಲೆಮಾರನ್ನು ಅಪ್ಪ ಡ್ರಾಯಿಂಗ್ ಹಾಳೆಗಳ ಮೇಲೆ ಬರೆದು, ಹಾಳೆಗಳನ್ನು ಮೈದಾ ಅಂಟಿನಲ್ಲಿ ಜೋಡಿಸಿ, ಚಾಪೆಯಷ್ಟು ಉದ್ದ ಮಾಡಿದ್ದರು. ಅಕ್ಷರವೋ, ಮುತ್ತು ಪೋಣಿಸಿದ ಹಾಗೆ.

ಅದರಲ್ಲಿ ಒಂದೇ ಒಂದು ಹೆಣ್ಣಿನ ಹೆಸರಿರಲಿಲ್ಲ. ಏಳು ತಲೆಮಾರು ಗಂಡಸರು ಗಂಡಸರನ್ನೇ ಹೆತ್ತುಕೊಂಡು ಬಂದ ಹಾಗೆ ಗೆರೆಗಳು ಇಳಿದಿದ್ದವು. ನಾನು ಅಪ್ಪನ ಒಬ್ಬಳೇ ಮಗಳು. ಅಪ್ಪನ ಹೆಸರಿನ ಕೆಳಗೆ ಖಾಲಿ. ಇದೇನು ಎಂದು ಕೇಳಿದರೆ ಕನ್ನಡಕ ಒರೆಸುತ್ತಾ, ಪದ್ಧತಿ ಎಂದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನೂ ಹೇಳಿದರು. ನನ್ನನ್ನು ಇನ್ನೂ ಯಾರಿಗೂ ಕೊಟ್ಟಿಲ್ಲವಲ್ಲ ಎಂದೆ. ಇವತ್ತಲ್ಲ ನಾಳೆ ಕೊಡಬೇಕಲ್ಲ, ಬರೆದು ಅಳಿಸಿದರೆ ಹಾಳೆ ಹಾಳಾಗುತ್ತದೆ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನನಗಿಂತ ಮೊದಲೇ ಈ ಪ್ರಶ್ನೆ ಕೇಳಿದ್ದವಳು ಅತ್ತೆ, ಅಪ್ಪನ ಒಬ್ಬಳೇ ತಂಗಿ. ಅವಳನ್ನು ಗುಂಡ್ಲುಪೇಟೆಗೆ ಕೊಟ್ಟಿದ್ದರು. ಮಾವ ತೀರಿಕೊಂಡ ಮೇಲೆ ಯಾರ ಮುಂದೂ ಕೈಚಾಚದೆ, ಬಸ್‌ಸ್ಟ್ಯಾಂಡಿನ ಪಕ್ಕ ಎಸ್‌ಟಿಡಿ ಬೂತ್ ಇಟ್ಟುಕೊಂಡು ತನ್ನ ಕಾಲ ಮೇಲೆ ತಾನು ನಿಂತವಳು. ಅಪ್ಪ ವಂಶಾವಳಿ ಶುರುಮಾಡಿದ ವರ್ಷ ಅವಳು ನಮ್ಮ ಮನೆಗೆ ಬಂದಿದ್ದಳು. ಹಾಳೆಯ ಮುಂದೆ ಮಂಡಿಯೂರಿ ಕುಳಿತು, ಬೆರಳಿನಲ್ಲಿ ಗೆರೆ ಹಿಡಿದುಕೊಂಡು ಇಳಿಯುತ್ತಾ ಇಳಿಯುತ್ತಾ ತಾತನ ಹೆಸರಿಗೆ ಬಂದಳು. ತಾತನಿಂದ ಮೂರು ಗೆರೆ ಹೊರಟಿದ್ದವು. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ. ಅವಳ ಬೆರಳು ಅಲ್ಲೇ ನಿಂತಿತು.

"ನಾನೂ ಅದೇ ಅವ್ವನ ಒಟ್ಟೇಲಿ ತಾನೇ ಅಣ್ಣ ಉಟ್ಟಿದ್ದು?" ಎಂದಳು.

ಅಪ್ಪ ಅವಳಿಗೂ ಅದೇ ಗಾದೆ ಹೇಳಿದರು. ಅವಳು ಎದ್ದು, ಮಧ್ಯಾಹ್ನದ ಊಟಕ್ಕೂ ಕಾಯದೆ ಬಸ್ಸು ಹತ್ತಿದಳು.

ಆ ವರ್ಷದ ಗೌರಿ ಹಬ್ಬಕ್ಕೆ ಅಪ್ಪ ಎಂದಿನಂತೆ ತವರಿನ ಬಾಗಿನ ಕಳಿಸಿದರು. ಮಾವ ಹೋದ ಮೇಲೂ ಅವರು ಅದನ್ನು ನಿಲ್ಲಿಸಿರಲಿಲ್ಲ, ಅತ್ತೆಯೂ ಬಳೆ ಕುಂಕುಮ ಬಿಟ್ಟಿರಲಿಲ್ಲ. ಮೊರದ ತುಂಬ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ರವಿಕೆ ಕಣ, ಅದರ ಮೇಲೊಂದು ಮೊರ ಮುಚ್ಚಿ ದಾರ ಸುತ್ತಿದ್ದು. ಹೋದ ಬಸ್ಸಿನಲ್ಲೇ ಅದು ವಾಪಸು ಬಂತು. ಕುಲಕ್ಕೆ ಹೊರಗಿನವಳಿಗೆ ತವರು ಎಲ್ಲಿಂದ ಬಂತು, ತವರಿಲ್ಲದವಳಿಗೆ ಬಾಗಿನ ಯಾಕೆ ಎಂದು ಹೇಳಿಕಳಿಸಿದ್ದಳು. ಮೂರು ವರ್ಷ ಹೀಗೇ ಆಯಿತು. ಪ್ರತಿ ವರ್ಷವೂ ಅಪ್ಪ ಹೊಸ ಮೊರ ತರುವುದು, ಕಟ್ಟುವುದು, ಕಳಿಸುವುದು. ಪ್ರತಿ ವರ್ಷವೂ ಅದು ದಾರ ಕೂಡ ಬಿಚ್ಚದೆ ಮನೆಗೆ ಬರುವುದು. ವಾಪಸು ಬಂದ ಅಕ್ಕಿಯನ್ನು ಅವ್ವ ಡಬ್ಬಕ್ಕೆ ಸುರಿಯುವ ಸದ್ದು ಕೇಳಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ತಂಗಿಯ ಮೇಲೆ ಅವರಿಗೆ ಪ್ರಾಣ. ಆದರೆ ಗಾದೆ ಬಿಡಲೊಲ್ಲರು.

ಅತ್ತೆ ನನ್ನೊಡನೆ ಮಾತು ಬಿಟ್ಟಿರಲಿಲ್ಲ. ಒಂದೇ ಒಂದು ವ್ಯತ್ಯಾಸವಾಗಿತ್ತು. ನಮ್ಮ ಕಡೆ ಮನೆಗೆ ಹಟ್ಟಿ ಎನ್ನುತ್ತಾರೆ. ಮೊದಲೆಲ್ಲ ಊರಿನ ಮಾತು ಬಂದರೆ "ನಮ್ಮಟ್ಟಿ" ಎನ್ನುತ್ತಿದ್ದವಳು ಆಮೇಲೆ "ನಿಮ್ಮಟ್ಟಿ" ಎನ್ನತೊಡಗಿದಳು. ನಿಮ್ಮಟ್ಟೀಲಿ ಮಳೆ ಆಯ್ತಾ, ನಿಮ್ಮಟ್ಟಿ ಎಮ್ಮೆ ಕರ ಹಾಕ್ತಾ, ಹೀಗೆ. ಕೇಳಿದಾಗಲೆಲ್ಲ ತಿದ್ದಬೇಕು ಅನ್ನಿಸುತ್ತಿತ್ತು. ಆದರೆ ಏನು ಹೇಳಲಿ? ನನ್ನ ಹೆಸರಿಗೇ ಆ ಹಾಳೆಯಲ್ಲಿ ಗತಿಯಿರಲಿಲ್ಲ.

ಆಗ ನಮ್ಮದು ಜಿಲ್ಲೆಯಾದ ಹೊಸತು. ಊರಿಗೆ ಊರೇ ಕಂಪ್ಯೂಟರ್ ಕಲಿಯಲು ಹೊರಟಿತ್ತು. ನಾನು ಒಂದು ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ವೆಬ್ ಪುಟ ಮಾಡುವುದನ್ನು ಮೈಸೂರಿನಲ್ಲಿ ಮೂರು ದಿನ ಕಲಿತು ಬಂದು, ಮೂವತ್ತು ದಿನ ಅದರ ಬಗ್ಗೆಯೇ ಕೊಚ್ಚಿಕೊಂಡಿದ್ದೆ. ಅಷ್ಟರಲ್ಲಿ ಊರಿನ ಮನೆಯಲ್ಲಿ ತಾತನ ಕಾಲದ ಕಾಗದಪತ್ರದ ಪೆಟ್ಟಿಗೆಗೆ ಗೆದ್ದಲು ಹತ್ತಿತು. ಅಪ್ಪ ವಂಶಾವಳಿಯ ಸುರುಳಿಯನ್ನು ಬಿಚ್ಚಿ ಬಿಚ್ಚಿ ನೋಡಿಕೊಳ್ಳುತ್ತಾ ಕೂತರು. ಇಂಟರ್‌ನೆಟ್ಟಿಗೆ ಹಾಕಿಬಿಡಿ, ಅಲ್ಲಿಗೆ ಗೆದ್ದಲು ಬರುವುದಿಲ್ಲ ಎಂದದ್ದು ನಾನು ಅವರನ್ನು ಕೆಣಕಲು ಹೇಳಿದ ಮಾತು. ಅವರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮನೆತನದ್ದೇ ಒಂದು ವೆಬ್‌ಸೈಟು, ಅದರಲ್ಲಿ ತಿಟ್ಟಿನ ಮನೆಯ ಫೋಟೋ, ಕೆಳಗೆ ವಂಶಾವಳಿ. ಕೈಬರಹವನ್ನು ಹಾಗೇ ಸ್ಕ್ಯಾನ್ ಮಾಡಿ ಹಾಕಬಹುದು ಎಂದು ಹೇಳಿದ ಮೇಲಂತೂ ಹಿರಿಹಿರಿ ಹಿಗ್ಗಿದರು.

ಯುಗಾದಿಗೆ ಊರಲ್ಲಿ ಸೇರಿದಾಗ ವಿಷಯ ಅಣ್ಣತಮ್ಮಂದಿರ ಮುಂದೆ ಬಂತು. ದೊಡ್ಡಪ್ಪ ಊರಲ್ಲೇ ಬೇಸಾಯ ಮಾಡಿಕೊಂಡಿದ್ದವರು, ಚಿಕ್ಕಪ್ಪನಿಗೆ ಸಂತೆಮರಹಳ್ಳಿಯಲ್ಲಿ ಬೆಲ್ಲದ ವ್ಯಾಪಾರ. ನಾನು ಬಿಟ್ಟಿ ಸಿಗುವ ವೆಬ್ ವಿಳಾಸವನ್ನು ಬರೆದು ತೋರಿಸಿದೆ. ಅದು ಗೂಡ್ಸ್ ರೈಲಿನಷ್ಟು ಉದ್ದವಿತ್ತು. ಮೊದಲು ಬಿಟ್ಟಿ ಕೊಡುವ ಕಂಪನಿಯ ಹೆಸರು, ಆಮೇಲೆ ಯಾವುದೋ ಓಣಿ, ಕಟ್ಟಕಡೆಗೆ ನಾವು. ದೊಡ್ಡಪ್ಪನಿಗೆ ಅದು ಸುತರಾಂ ಒಪ್ಪಿಗೆಯಾಗಲಿಲ್ಲ. ತಿಟ್ಟಿನ ಮನೆಯವರು ಇನ್ನೊಬ್ಬರ ಜಗುಲಿಯಲ್ಲಿ ಚಾಪೆ ಹಾಸಿ ಮಲಗಿದವರಲ್ಲ ಎಂದರು. ಹಾಗಾದರೆ ನಮ್ಮದೇ ಹೆಸರನ್ನು ಕೊಳ್ಳಬೇಕು, ಮೈಸೂರಿನಲ್ಲಿ ವಿಚಾರಿಸಿದ್ದೇನೆ, ಎರಡು ವರ್ಷದ್ದು ಒಟ್ಟಿಗೆ ಕಟ್ಟಬೇಕಂತೆ, ಅದೂ ಡಾಲರಿನಲ್ಲಿ, ನನ್ನ ಎರಡು ತಿಂಗಳ ಸಂಬಳಕ್ಕೂ ಮೇಲಾಗುತ್ತದೆ ಎಂದೆ.

"ನಮ್ಮ ಎಸ್ರಿಗ ನಾವೇ ದುಡ್ ಕೊಡ್ಬೇಕಾ? ಚೆಂದಾಗದ ಕನ ನಿನ್ನ ಯಾಪಾರ" ಎಂದರು ದೊಡ್ಡಪ್ಪ.

ಎಲ್ಲರೂ ನಕ್ಕರು. ಹೋಳಿಗೆ ಊಟವಾಯಿತು. ಅಲ್ಲಿಗೆ ವೆಬ್‌ಸೈಟಿನ ಕತೆ ಮುಗಿಯಿತು ಎಂದುಕೊಂಡೆ. ಆದರೆ ಮನೆಗೆ ಬಂದ ಅಪ್ಪ ಸುರುಳಿಯನ್ನು ಬೀರುವಿನ ಮೇಲಿಟ್ಟು, ಎಂಟು ದಿನ ಯಾರೊಡನೆಯೂ ಮಾತಾಡಲಿಲ್ಲ. ನನಗೆ ಅಷ್ಟೂ ದಿನ ಬೈಯಲು ಯಾರೂ ಸಿಗದೆ ಬೇಜಾರಾಯಿತು. ಆಮೇಲೂ ಸುರುಳಿ ಕೆಳಗಿಳಿಯಲಿಲ್ಲ. ಕಡೆಗೆ ಆಷಾಢದ ಒಂದು ಶನಿವಾರ ಕೇಂದ್ರದಿಂದ ನೇರವಾಗಿ ಗುಂಡ್ಲುಪೇಟೆ ಬಸ್ಸು ಹತ್ತಿದೆ.

ಅತ್ತೆಯ ಬೂತಿನಲ್ಲಿ ಒಂದು ಗಾಜಿನ ಗೂಡು, ಕೆಂಪು ಅಂಕಿ ಓಡುವ ಮೀಟರು, ಒಂದು ಫ್ಯಾಕ್ಸ್ ಮಷೀನು, ಗಿರಾಕಿಗಳಿಗೆ ಒಂದು ಬೆಂಚು ಇದ್ದವು. ಜೊತೆಗೆ ಆ ವರ್ಷ ಒಂದು ಕಂಪ್ಯೂಟರೂ ಬಂದಿತ್ತು. ಅದು ಅವಳದಲ್ಲ. ಗುಂಡ್ಲುಪೇಟೆ ಸುತ್ತ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಿದ್ದ ಒಬ್ಬ ಮಲಯಾಳಿ ಸಾಹುಕಾರನದು. ಅವನ ತಮ್ಮ ಗಲ್ಫಿನಲ್ಲಿದ್ದ. ತಮ್ಮನಿಗೆ ಇ-ಮೇಲ್ ಬರೆಯಲೆಂದು ಇವನು ಕಂಪ್ಯೂಟರು ತಂದು, ಫೋನಿನ ಲೈನು ಇರುವುದು ಅತ್ತೆಯ ಬೂತಿನಲ್ಲಾದ್ದರಿಂದ ಅಲ್ಲಿಟ್ಟಿದ್ದ. ಅತ್ತೆ ಅವನ ಜೊತೆ ಮಲಯಾಳದಲ್ಲಿ ಜಗಳವಾಡುವಷ್ಟು ಭಾಷೆ ಕಲಿತಿದ್ದಳು. ಜಗಳ ಬಂದ ಮೇಲೆ ಭಾಷೆ ಬಂತೆಂದೇ ಲೆಕ್ಕ.

ಅವಳಿಗೆ ಎಲ್ಲ ಹೇಳಿದೆ. ಗಮನವಿಟ್ಟು ಕೇಳಿ, ಆ ಪುಟದಲ್ಲಿ ಯಾರ ಯಾರ ಹೆಸರು ಇರುತ್ತದೆ ಎಂದು ಒಂದೇ ಪ್ರಶ್ನೆ ಹಾಕಿದಳು. ನಾನು ಕಾಲಿನ ಹೆಬ್ಬೆರಳು ನೋಡಿಕೊಂಡೆ. ಅವಳಿಗೆ ಅರ್ಥವಾಯಿತು. ಸ್ವಲ್ಪ ಹೊತ್ತು ಮೀಟರಿನ ಧೂಳು ಒರೆಸಿದಳು. ಆಮೇಲೆ, ನಾನು ಅದರಲ್ಲಿ ಇರಲಿ ಬಿಡಲಿ, ತಿಟ್ಟಿನ ಮನೆ ಅನ್ನುವ ಹೆಸರು ಕಂಡವರ ಪಾಲಾಗಬಾರದು, ಹುಡುಕೋಣ ಬಾ ಎಂದಳು. ಅವಳ ಆ ದೊಡ್ಡ ಮನಸ್ಸು ನೋಡಿ ನನಗೆ ಅವಳ ಮೇಲೇ ರೇಗಿಹೋಯಿತು. ಅಷ್ಟು ಒಳ್ಳೆಯತನ ಯಾರಿಗೆ ಬೇಕಾಗಿತ್ತು?

ಇಂಟರ್‌ನೆಟ್ಟಿಗೆ ಮೈಸೂರಿಗೆ ಎಸ್‌ಟಿಡಿ ಹಚ್ಚಬೇಕು. ಬೆಳಗಿನ ಆರಕ್ಕೆ ಮೊದಲು ಎಸ್‌ಟಿಡಿ ಅಗ್ಗ. ಹಾಗಾಗಿ ಶನಿವಾರ ಅತ್ತೆಯ ಮನೆಯಲ್ಲಿ ಮಲಗುವುದು, ಭಾನುವಾರ ಕೋಳಿ ಕೂಗುವ ಹೊತ್ತಿಗೆ ಬೂತಿನ ಬಾಗಿಲು ತೆಗೆಯುವುದು. ಮೋಡೆಮ್ಮು ಕಿರ್ರೋ ಎಂದು ಅರಚಿಕೊಳ್ಳುವಾಗ ಎದುರಿನ ಹೋಟೆಲಿನವನು ದೋಸೆ ಕಾವಲಿ ತೊಳೆಯುತ್ತಿರುತ್ತಿದ್ದ. ಪುಟ ಒಂದೊಂದೇ ಗೆರೆ ಇಳಿದು ಬರುವಷ್ಟರಲ್ಲಿ ನಾನು ಮೂರು ಸಲ ಶಪಿಸುತ್ತಿದ್ದೆ. ಅತ್ತೆಯ ಕಣ್ಣು ಮಾತ್ರ ಮೀಟರಿನ ಮೇಲೆ.

ಅವಳಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ, ವ್ಯಾಪಾರ ಬರುತ್ತಿತ್ತು. ಒಂದೇ ಅಂಗಡಿಯಲ್ಲಿ ಕೇಳಿ ಯಾರಾದರೂ ಕೊಳ್ಳುತ್ತಾರಾ, ಮೂರು ಕಡೆ ತಿರುಗು ಎಂದು ಬೈದಳು. ಮೂರಲ್ಲ, ಆರು ಕಡೆ ತಿರುಗಿದೆವು. ಆ ವರ್ಷ ಹೆಸರು ಮಾರುವ ಹೊಸ ಹೊಸ ಕಂಪನಿಗಳು ಹುಟ್ಟಿಕೊಂಡಿದ್ದವು. ಬೆಲೆ ವಾರವಾರಕ್ಕೂ ಇಳಿಯುತ್ತಿತ್ತು. ಒಂದು ಕಡೆ ಬಹಳ ಕಡಿಮೆಗೆ ಸಿಕ್ಕಿತೆಂದು ನಾನು ಕುಣಿಯುತ್ತಿದ್ದರೆ, ಎರಡನೇ ವರ್ಷಕ್ಕೆ ಎಷ್ಟು ಅಂತ ನೋಡಿದೆಯಾ ಎಂದಳು ಅತ್ತೆ. ನೋಡಿದರೆ ಅಡಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಮೊದಲ ವರ್ಷದ ಮೂರರಷ್ಟು ಬರೆದಿತ್ತು. ನಾಲ್ಕನೆಯ ಭಾನುವಾರ ನಮಗೆ ಬೇಕಾದದ್ದು ಸಿಕ್ಕಿತು. ಎರಡು ವರ್ಷ ಎಂಬ ಕಟ್ಟುಪಾಡಿಲ್ಲ, ವರ್ಷ ವರ್ಷವೂ ಕಟ್ಟಿಕೊಂಡು ಹೋಗಬಹುದು, ಪ್ರತಿ ವರ್ಷವೂ ಅಷ್ಟೇ ಬೆಲೆ. ತಿಟ್ಟಿನ ಮನೆ ಎಂಬ ಹೆಸರನ್ನು ಇನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ತೆಗೆದುಕೊಳ್ಳಲು ಯಾರಿಗೆ ಹುಚ್ಚು?

ಡಾಲರಿಗೆ ಶುಂಠಿ ಸಾಹುಕಾರನೇ ದಾರಿ ಮಾಡಿದ. ಗಲ್ಫಿನ ತಮ್ಮನ ಹತ್ತಿರ ಕ್ರೆಡಿಟ್ ಕಾರ್ಡಿತ್ತು. ಅವನು ಅಲ್ಲಿಂದ ಕಟ್ಟುವುದು, ಇವನು ಇಲ್ಲಿ ಮಾಡುವ ಫೋನುಗಳ ಬಿಲ್ಲಿನಲ್ಲಿ ಅತ್ತೆ ಅದನ್ನು ಮುರಿದುಕೊಳ್ಳುವುದು ಎಂದಾಯಿತು. ಇನ್ನು ಉಳಿದದ್ದು ಒಂದೇ. ಹೆಸರಿನ ಮಾಲೀಕರು ಯಾರು ಎಂದು ಅರ್ಜಿಯಲ್ಲಿ ತುಂಬಬೇಕು.

ಇದನ್ನು ಕೇಳಲು ಊರಿಗೆ ಹೋದೆ. ದೊಡ್ಡಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. ತಾತನ ಹೆಸರು ಹಾಕು ಎಂದರು. ತಾತ ಸತ್ತು ಇಪ್ಪತ್ತು ವರ್ಷದ ಮೇಲಾಗಿತ್ತು. ಆದರೇನಂತೆ, ನಮ್ಮ ಜಮೀನಿನ ಪಹಣಿ ಇವತ್ತಿಗೂ ತಾತನ ಹೆಸರಿನಲ್ಲೇ ಇದೆ, ಮನೆಯ ಖಾತೆಯೂ ತಾತನದೇ. ಸತ್ತವರ ಹೆಸರಿನಲ್ಲಿದ್ದರೆ ಬದುಕಿರುವವರು ಕಿತ್ತಾಡುವಂತಿಲ್ಲ ಎಂಬುದು ನಮ್ಮ ಕಡೆಯ ಕಾನೂನು. ಚಿಕ್ಕಪ್ಪನೂ ಹೂಂ ಎಂದರು, ಅಪ್ಪನೂ ಹೂಂ ಎಂದರು. ಕಂಪ್ಯೂಟರ್ ಕಲಿಸುವ ನಾನಾದರೂ ಉಹುಂ ಎನ್ನಬೇಕಿತ್ತು. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಹುಟ್ಟಿದಾಗಿನಿಂದ ತಾತನ ಹೆಸರಿನ ಕಂದಾಯದ ರಸೀದಿ ನೋಡಿಕೊಂಡು ಬೆಳೆದವಳು ನಾನು. ಮಾಲೀಕರ ಹೆಸರು ತಾತನದು, ಫೋನ್ ನಂಬರು ಅತ್ತೆಯ ಬೂತಿನದು, ಇ-ಮೇಲ್ ಕೂಡ ಬೂತಿನದೇ ಎಂದು ತುಂಬಿ ಕಳಿಸಿದೆ. ಹೆಸರು ನಮ್ಮದಾಯಿತು. ಅಪ್ಪ ಸುರುಳಿಯನ್ನು ಬೀರುವಿನ ಮೇಲಿಂದ ಇಳಿಸಿ ಧೂಳು ಕೊಡವಿದರು.

ವಾರ ಕಳೆಯಲಿಲ್ಲ, ಕಂಪನಿಯಿಂದ ಇ-ಮೇಲ್ ಬಂತು. ದುಡ್ಡು ಕಟ್ಟಿದ ಕಾರ್ಡು ಒಂದು ದೇಶದ್ದು, ಮಾಲೀಕರು ಇನ್ನೊಂದು ದೇಶದವರು, ಅವರಿಗೆ ಅನುಮಾನ ಬಂದಿತ್ತು. ಮಾಲೀಕರು ಸ್ವತಃ ಸಹಿ ಮಾಡಿದ ಪತ್ರವನ್ನು ಗುರುತಿನ ಚೀಟಿಯ ಜೊತೆ ಫ್ಯಾಕ್ಸ್ ಮಾಡಬೇಕು, ಹೆಸರು ತಪ್ಪಿದ್ದರೆ ಅದರಲ್ಲೇ ತಿದ್ದಿ ಕಳಿಸಬಹುದು, ಎರಡು ವಾರದೊಳಗೆ ಬಾರದಿದ್ದರೆ ಹೆಸರು ರದ್ದು. ನಾನು ಇದನ್ನು ಓದಿ ಕನ್ನಡದಲ್ಲಿ ಹೇಳಿದೆ. ಅತ್ತೆ ಮೀಟರು ಮರೆತು ನನ್ನ ಮುಖವನ್ನೇ ನೋಡಿದಳು.

"ಅಪ್ಪಯ್ಯನ್ನ ಎಲ್ಲಿಂದ ಕರ್ಕಬರೋದು ಕಣಮ್ಮಿ ಸೈನ್ ಆಕಕ್ಕ?"

ಇಬ್ಬರೂ ನಗಲು ಶುರುಮಾಡಿದೆವು. ಬೆಂಚಿನ ಮೇಲಿದ್ದ ಗಿರಾಕಿಗಳು ಗಾಬರಿಯಾಗುವಷ್ಟು ನಕ್ಕೆವು. ನಗುತ್ತಾ ನಗುತ್ತಾ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅದು ನಗುವಿನ ನೀರಾಗಿರಲಿಲ್ಲ. ತಾತ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗುತ್ತಿದ್ದರಂತೆ.

ಆ ವಾರ ಅಣ್ಣತಮ್ಮಂದಿರು ನಮ್ಮ ಮನೆಯಲ್ಲಿ ಸೇರಿದರು. ಬದುಕಿರುವ ಒಬ್ಬರ ಹೆಸರು ಬೇಕಿತ್ತು. ಹಿರಿಯನಾದ ತನ್ನದಿರಲಿ ಎಂದರು ದೊಡ್ಡಪ್ಪ. ಇವತ್ತು ಹೆಸರು ಬರೆಸಿಕೊಂಡವನು ನಾಳೆ ಮನೆಯನ್ನೂ ಬರೆಸಿಕೊಳ್ಳುತ್ತಾನೆ ಎಂದು ಚಿಕ್ಕಪ್ಪ ಗೋಡೆಗೆ ಹೇಳಿದರು. ಹಾಗಾದರೆ ನಿನ್ನದೇ ಹಾಕಿಸಿಕೊಳ್ಳಪ್ಪ, ಬೆಲ್ಲದ ಅಂಗಡಿಗೆ ಬೋರ್ಡಾಯಿತು ಎಂದು ದೊಡ್ಡಪ್ಪ ಅಡುಗೆಮನೆಗೆ ಹೇಳಿದರು. ಅಪ್ಪನ ಹೆಸರು ಬಂದರೆ ಇಬ್ಬರೂ ಕಾಫಿ ಲೋಟ ಎತ್ತಿಕೊಳ್ಳುತ್ತಿದ್ದರು, ಒಪ್ಪುತ್ತಿರಲಿಲ್ಲ. ಕಾಫಿ ಎರಡು ಸಲ ಆಯಿತು. ಆಗ ಚಿಕ್ಕಪ್ಪ, ನಮ್ಮಲ್ಲಿ ಯಾರದೂ ಬೇಡ, ತಂಗಿಯದು ಹಾಕಿ ಎಂದರು. ಗುರುತಿನ ಚೀಟಿ ಇದೆ, ಫೋನಿದೆ, ಫ್ಯಾಕ್ಸು ಅವಳ ಕೈಯಲ್ಲೇ ಇದೆ. ದೊಡ್ಡಪ್ಪನ ಮುಖ ಅರಳಿತು.

"ಸರಿ ಬುಡು. ಅವ್ಳು ಎಂಗಿದ್ರೂವಿ ಕುಲಕ್ಕ ಹೊರಗಿನೋಳು. ಪಾಲಿಲ್ಲ, ತಕರಾರಿಲ್ಲ."

ಕೈಲಿದ್ದ ಲೋಟವನ್ನು ಎಸೆಯಬೇಕು ಅನ್ನಿಸಿತು. ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ತಲೆಗೆ ಹೊಳೆಯಿತು. ಯಾವ ಗಾದೆ ಅವಳನ್ನು ಹೊರಗಿಟ್ಟಿತ್ತೋ ಅದೇ ಗಾದೆ ಈಗ ಮನೆಯ ಹೆಸರನ್ನು ಅವಳ ಕೈಗೆ ಕೊಡುತ್ತಿದೆ. ಜೀವಮಾನದಲ್ಲಿ ಮೊದಲ ಸಲ ನಾಲಿಗೆ ಕಚ್ಚಿಕೊಂಡು ಸುಮ್ಮನೆ ಕುಳಿತೆ. ಅಪ್ಪ ಮಾತ್ರ ನೆಲ ನೋಡುತ್ತಿದ್ದರು. ತಂಗಿಯ ಹತ್ತಿರ ಹೋಗಿ ಕೇಳಬೇಕಾದವರು ತಾವೇ ಎಂದು ಅವರಿಗೆ ಗೊತ್ತಿತ್ತು.

ಗಡುವಿಗೆ ಮೂರು ದಿನವಿರುವಾಗ ನಾವಿಬ್ಬರೂ ಹೊರಟೆವು. ತೆರಕಣಾಂಬಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲ. ಅಪ್ಪ ಅದನ್ನು ನೋಡುತ್ತಿದ್ದರೋ ಇಲ್ಲವೋ ತಿಳಿಯದು. ಮೂರು ವರ್ಷದಿಂದ ಅವರ ಮೊರ ಮಾತ್ರ ಓಡಾಡಿದ್ದ ದಾರಿ ಅದು. ಬೂತಿನಲ್ಲಿ ಗಿರಾಕಿಗಳ ಬೆಂಚಿನ ಮೇಲೆ ಗಿರಾಕಿಯಂತೆಯೇ ಕುಳಿತರು. ಗಾಜಿನ ಗೂಡಿನೊಳಗೆ ಯಾರೋ ಮಲಯಾಳದಲ್ಲಿ ಕಿರುಚುತ್ತಿದ್ದ. ಅತ್ತೆ ಅಣ್ಣನಿಗೆ ನೀರು ಕೊಟ್ಟಳು, ಚೆನ್ನಾಗಿದ್ದೀಯಾ ಎಂದಳು, ಮತ್ತೆ ತನ್ನ ಕುರ್ಚಿಯಲ್ಲಿ ಕೂತಳು. ಅಪ್ಪ ಪತ್ರವನ್ನು ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದರು. ಮುಚ್ಚಿಡುವ ಗುಣ ಅವರದಲ್ಲ. ಪಾಲಿಲ್ಲ ತಕರಾರಿಲ್ಲ ಎಂದು ದೊಡ್ಡಪ್ಪ ಅಂದದ್ದನ್ನೂ ಹೇಳಿಬಿಟ್ಟರು.

ಅತ್ತೆ ಪೆನ್ನು ತೆಗೆದುಕೊಂಡಳು. ಕ್ಯಾಪು ತೆಗೆದಳು. ಮತ್ತೆ ಹಾಕಿದಳು.

"ನಿಮ್ಮಟ್ಟಿ ಎಸ್ರ ನಾನು ಕಾಯ್ಬೇಕು. ಆ ಅಟ್ಟಿಯೋಳು ಮಾತ್ರ ನಾನಲ್ಲ. ಇದ್ಯಾವ ನ್ಯಾಯ ಅಣ್ಣ?"

ಗೂಡಿನೊಳಗಿನವನು ಹೊರಗೆ ಬಂದು ದುಡ್ಡು ಕೊಟ್ಟು ಹೋದ. ಅವಳು ಚಿಲ್ಲರೆ ಎಣಿಸಿ ಕೊಟ್ಟಳು. ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಪದ್ಧತಿ ಎನ್ನುತ್ತಾರೆ, ಗಾದೆ ಹೇಳುತ್ತಾರೆ, ಇವರ ಹಣೆಬರಹವೇ ಇಷ್ಟು ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

"ತಪ್ಪಾಯ್ತು ಕಣವ್ವ" ಎಂದರು ಅಪ್ಪ. "ನಾನು ಜಾಗವ್ನೇ ಬುಟ್ಟಿಲ್ಲ ಅಲ್ಲಿ."

"ಜಾಗ ಮಾಡು" ಎಂದಳು ಅತ್ತೆ. "ಮೊದ್ಲು ಅಲ್ಲಿ ಬರಿ. ಆಮೇಲೆ ಇಲ್ಲಿ ಸೈನ್ ಆಕ್ತೀನಿ."

ಅಪ್ಪ ಎದ್ದರು. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಸುರುಳಿಯನ್ನು ಕೂಸಿನಂತೆ ಎದೆಗವಚಿಕೊಂಡು ವಾಪಸು ಬಂದರು. ನಾನು ಅತ್ತೆಯ ಮನೆಯಲ್ಲೇ ಉಳಿದಿದ್ದೆ. ಬೂತಿನ ಬೆಂಚಿನ ಮೇಲೆ ಹಾಳೆ ಬಿಚ್ಚಿದೆವು. ನಾಲ್ಕು ಮೂಲೆಗೆ ಟೆಲಿಫೋನ್ ಡೈರೆಕ್ಟರಿ, ನೀರಿನ ಚೊಂಬು, ಬೀಗ, ಮತ್ತು ಶುಂಠಿ ಸಾಹುಕಾರನ ಕೈ. ಅವನು ಫೋನು ಮಾಡಲು ಬಂದವನು, ಸಿಕ್ಕಿಬಿದ್ದ. ಅತ್ತೆ ಫ್ಯಾಕ್ಸಿನ ಕಾಗದದಿಂದ ಒಂದು ಪಟ್ಟಿ ಹರಿದು ಕೊಡಲು ಹೋದಳು. ಅಪ್ಪ ತಲೆಯಾಡಿಸಿದರು. ಫ್ಯಾಕ್ಸ್ ಕಾಗದದ ಅಕ್ಷರ ನಾಲ್ಕು ವರ್ಷಕ್ಕೆ ಮಾಸಿಹೋಗುತ್ತದೆ, ಅದು ಬೇಡ ಎಂದು, ದಾರಿಯಲ್ಲೇ ಕೊಂಡು ತಂದಿದ್ದ ಹೊಸ ಡ್ರಾಯಿಂಗ್ ಹಾಳೆಯನ್ನು ಚೀಲದಿಂದ ತೆಗೆದರು. ಅವ್ವ ಮೈದಾ ಅಂಟನ್ನು ಡಬ್ಬಿಯಲ್ಲಿ ಹಾಕಿಕೊಟ್ಟಿದ್ದಳು.

ಚಿಕ್ಕಪ್ಪನ ಪಕ್ಕಕ್ಕೆ ಹಾಳೆ ಅಂಟಿಸಿದರು. ಒಣಗುವವರೆಗೆ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದರು. ಆಮೇಲೆ ಸ್ಕೇಲು ಇಟ್ಟು, ತಾತನ ಹೆಸರಿನಿಂದ ನಾಲ್ಕನೆಯ ಗೆರೆ ಎಳೆದರು. ಗೆರೆಯ ತುದಿಯಲ್ಲಿ ತಂಗಿಯ ಹೆಸರು ಬರೆದರು. ಅದೇ ಅಕ್ಷರ, ಅಷ್ಟೇ ದಪ್ಪ. ಅತ್ತೆ ಬೆರಳಿಟ್ಟು ಮುಟ್ಟಲು ಹೋಗಿ, ಶಾಯಿ ಹಸಿಯಿದೆಯೆಂದು ಕೈ ಹಿಂದಕ್ಕೆ ತೆಗೆದುಕೊಂಡಳು. ಕಂಪನಿಯ ಪತ್ರಕ್ಕೆ ಅವಳು ಸಹಿ ಹಾಕಿದ್ದು ಆಮೇಲೆ. ಫ್ಯಾಕ್ಸು ಹೋಯಿತು.

ಸುರುಳಿ ಸುತ್ತುವ ಮೊದಲು ಅಪ್ಪ ಮತ್ತೆ ಬಗ್ಗಿದರು. ತಮ್ಮ ಹೆಸರಿನ ಕೆಳಗೆ ಸ್ಕೇಲಿಟ್ಟು ಪೆನ್ಸಿಲ್ ಕೈಗೆತ್ತಿಕೊಂಡರು. ನನಗೆ ತಡೆಯಲಾಗಲಿಲ್ಲ. ಪೆನ್ಸಿಲ್ಲಿನಲ್ಲಿ ಯಾಕೆ, ಮದುವೆಯಾದ ಮೇಲೆ ಅಳಿಸುವುದಕ್ಕಾ ಎಂದು ಕೇಳಿಯೇಬಿಟ್ಟೆ. ಮೊದಲು ಪೆನ್ಸಿಲ್ಲಿನಲ್ಲಿ ಗೆರೆ, ಆಮೇಲೆ ಶಾಯಿ, ನಲವತ್ತು ವರ್ಷ ಮಕ್ಕಳಿಗೆ ಹೀಗೇ ಹೇಳಿಕೊಟ್ಟಿದ್ದೇನೆ, ನಿನ್ನ ಬಾಯಿಗೊಂದು ಬೀಗ ಹಾಕು ಎಂದರು. ಬೀಗ ಹಾಳೆಯ ಮೂಲೆಯ ಮೇಲಿತ್ತು. ಶಾಯಿಯಲ್ಲಿ ನನ್ನ ಹೆಸರು ಒಣಗುವವರೆಗೆ ನಾನು ಉಸಿರು ಕೂಡ ಬಿಗಿಹಿಡಿದಿದ್ದೆ. ಸಂತೋಷವಾಯಿತು. ಬೇರೆ ಏನೆಂದು ಹೇಳಲಿ, ತುಂಬ ಸಂತೋಷವಾಯಿತು.

ಹತ್ತೇ ದಿನಕ್ಕೆ ಗೌರಿ ಹಬ್ಬ ಬಂತು. ಆ ಸಲ ಅಪ್ಪ ಬಾಗಿನವನ್ನು ಯಾರ ಕೈಲೂ ಕಳಿಸಲಿಲ್ಲ, ತಾವೇ ಹೊತ್ತುಕೊಂಡು ಹೋದರು. ಅತ್ತೆ ಅದನ್ನು ಸೆರಗೊಡ್ಡಿ ತೆಗೆದುಕೊಂಡಳಂತೆ. ವಾಪಸು ಬಂದ ಅಪ್ಪನ ಕೈಯಲ್ಲಿ ಮೊರವಿರಲಿಲ್ಲ, ಎಲೆ ಅಡಿಕೆ, ಬಾಳೆಹಣ್ಣು ಮಾತ್ರ ಇದ್ದವು. ಅಕ್ಕಿ ಸುರಿಯುವ ಕೆಲಸವಿಲ್ಲವೆಂದು ಅವ್ವ ಡಬ್ಬದ ಮುಚ್ಚಳವನ್ನು ಸುಮ್ಮನೆ ತೆಗೆದು ಮುಚ್ಚಿದಳು.

ಹಾಳೆಯನ್ನು ಮೈಸೂರಿನಲ್ಲಿ ತುಂಡುತುಂಡಾಗಿ ಸ್ಕ್ಯಾನ್ ಮಾಡಿಸಿ ಪುಟಕ್ಕೆ ಹಾಕಿದೆ. ಚಿಕ್ಕಪ್ಪನಿಗೂ ಅತ್ತೆಗೂ ನಡುವೆ ಅಂಟಿಸಿದ ಅಂಚಿನ ಕಪ್ಪು ಗೆರೆಯೊಂದು ಮೂಡಿತ್ತು. ಅದನ್ನು ಅಳಿಸಿ ಚಂದ ಮಾಡಲೇ ಎಂದು ಕೇಳಿದೆ. ಇರಲಿ ಬಿಡು, ತಡವಾಗಿ ಬರೆದದ್ದು ತಡವಾಗಿ ಬರೆದ ಹಾಗೇ ಕಾಣಲಿ ಎಂದರು ಅಪ್ಪ.

ಇಷ್ಟಕ್ಕೇ ಮುಗಿಯಿತು ಎಂದು ದೊಡ್ಡಪ್ಪ ಅಂದುಕೊಂಡಿದ್ದರು. ಮರುವರ್ಷ ಗೌರಿ ಹಬ್ಬದ ಆಸುಪಾಸಿಗೆ ಕಂಪನಿಯಿಂದ ಅತ್ತೆಯ ಹೆಸರಿಗೆ ಇ-ಮೇಲ್ ಬಂತು. ವರ್ಷ ತುಂಬಿತು, ಈ ಹೆಸರನ್ನು ಮಾಲೀಕರಾದ ನೀವು ಮುಂದುವರಿಸುತ್ತೀರಾ, ಬಿಡುತ್ತೀರಾ? ಅಗ್ಗಕ್ಕೆಂದು ವರ್ಷ ವರ್ಷದ ಲೆಕ್ಕಕ್ಕೆ ತೆಗೆದುಕೊಂಡಿದ್ದೆವಲ್ಲ. ಪಾಲೂ ಇಲ್ಲದ ತಕರಾರೂ ಇಲ್ಲದ ತಂಗಿ ಹೂಂ ಅಂದರೆ ಮಾತ್ರ ತಿಟ್ಟಿನ ಮನೆಗೆ ಇನ್ನೊಂದು ವರ್ಷ ಅದರ ಹೆಸರು. ಸುದ್ದಿ ಊರಿಗೆ ಮುಟ್ಟಿತು. ಹಬ್ಬದ ದಿನ ಗುಂಡ್ಲುಪೇಟೆ ಬಸ್ಸಿನಿಂದ ಒಬ್ಬರಲ್ಲ, ಮೂವರೂ ಇಳಿದರು. ದೊಡ್ಡಪ್ಪ ಒಂದು ಮೊರ, ಅಪ್ಪ ಒಂದು ಮೊರ, ಚಿಕ್ಕಪ್ಪ ಒಂದು ಮೊರ, ಅದರಲ್ಲಿ ಬೆಲ್ಲ ಸ್ವಲ್ಪ ಜಾಸ್ತಿಯೇ ಇತ್ತು. ಹಿಂದೆ ನಾನು.

ಬೂತಿನಲ್ಲಿ ಗಿರಾಕಿಯಿದ್ದ. ಅತ್ತೆ ಮೂವರು ಅಣ್ಣತಮ್ಮಂದಿರನ್ನೂ ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಅವನ ಮಾತು ಮುಗಿಯುವವರೆಗೂ ಕಾಯಿಸಿದಳು. ಮಡಿಲಲ್ಲಿ ಮೊರ ಇಟ್ಟುಕೊಂಡು ಅವರು ಕೂತಿದ್ದ ಚಂದವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆಮೇಲೆ ಅವಳು ಕೈಕಾಲು ತೊಳೆದು, ಕುಂಕುಮ ಇಟ್ಟುಕೊಂಡು, ಒಂದೊಂದಾಗಿ ಮೂರು ಬಾಗಿನವನ್ನೂ ತೆಗೆದುಕೊಂಡಳು. ಬಾಗಿನ ತೆಗೆದುಕೊಂಡವರು ಬರಿಗೈಯಲ್ಲಿ ಕಳಿಸುವಂತಿಲ್ಲ. ಮರಳಿ ಕೊಡಲು ಅವಳೂ ಒಂದು ಮೊರ ಕಟ್ಟಿಟ್ಟಿದ್ದಳು. ಒಳಗೆ ಬಾಳೆಹಣ್ಣು, ಕೊಬ್ಬರಿ, ಎಲೆ ಅಡಿಕೆ, ಎಲ್ಲದರ ಮೇಲೆ ಮಡಿಸಿಟ್ಟ ಒಂದು ಕಾಗದ. ಕಂಪನಿಯ ರಸೀದಿ. ಕೇಳುವ ಮೊದಲೇ ಅವಳು ಹೂಂ ಅಂದಾಗಿತ್ತು, ಕಟ್ಟಿಯೂ ಆಗಿತ್ತು.

ದೊಡ್ಡಪ್ಪ ಕಾಗದ ಬಿಚ್ಚಿ, ಇಂಗ್ಲಿಷು ಓದಲು ಬಾರದಿದ್ದರೂ ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಏನು ಬರೆದಿದೆ ಎಂದು ನನ್ನನ್ನು ಕೇಳಿದರು. ನಾನು ಹೇಳುವ ಮೊದಲೇ ಅತ್ತೆ ಹೇಳಿದಳು.

"ಇನ್ನೊಂದ್ ವರ್ಸಕ್ಕ ನಮ್ಮಟ್ಟಿ ಎಸ್ರು ನಮ್ಮಲ್ಲೇ ಇರ್ತದ ಕಣಣ್ಣ. ಬಾ, ಉಣ್ಣೋಗನ."